ಡ್ಯೂಕನ ಬೂಟು

ನಮ್ಮಪ್ಪನ ತಾತ ಬೆಂಗಳೂರಿನ ದಂಡು ಪ್ರದೇಶದಲ್ಲಿ ಗಾರೆ ಮೇಸ್ತ್ರಿಯಾಗಿದ್ದರಂತೆ. ಇಂಗ್ಲೆಂಡಿನ ರಾಜಮನೆತನದ ಡ್ಯೂಕ್ ಒಬ್ಬ ಅಲ್ಲೊಂದು ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಲು ಬಂದಾಗ, ಅರಿಶಿನ ಕುಂಕುಮ ಇಟ್ಟ ಮೊದಲ ಕಲ್ಲಿನ ಹತ್ತಿರ ಬೂಟುಗಾಲಲ್ಲಿ ಬರಕೂಡದು ಎಂದು ಈ ಮೇಸ್ತ್ರಿ ಅಡ್ಡ ನಿಂತರಂತೆ. ಡ್ಯೂಕ್ ಬೂಟು ಬಿಚ್ಚಿದನಂತೆ. ಮನೆಗೆ ಬಂದವರಿಗೆಲ್ಲ ಅಪ್ಪ ಈ ಕಥೆಯನ್ನು ಕಾಫಿ ಆರುವವರೆಗೆ ಹೇಳುತ್ತಿದ್ದರು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಶುರು ಮಾಡಿದರು. ನನಗೆ ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ ಜಂಬ. "ನಮ್ಮಪ್ಪ ರೈಲು ಬಿಡೋದ್ರಲ್ಲಿ ಎತ್ತಿದ ಕೈ. ಒಂದು ಫೋಟೋ ಆದ್ರೂ ಇದ್ಯಾ ಕೇಳಿ," ಅಂದುಬಿಟ್ಟೆ. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಆಮೇಲೆ ಇಪ್ಪತ್ತು ವರ್ಷ ಆ ಕಥೆ ಅವರ ಬಾಯಿಂದ ಬರಲೇ ಇಲ್ಲ. ಮದುವೆಯಾಗಿ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದಿದ್ದ ನನಗೆ ಅದು ತಿಳಿದದ್ದು ಅಮ್ಮ ಫೋನಿನಲ್ಲಿ ಹೇಳಿದಾಗ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದರು. ಅಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. ಬೆಳಕು, ನೆರಳು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಅದೇ ಡ್ಯೂಕನ ಬದುಕಿನ ಬಗ್ಗೆ ಫೋಟೋ ಪ್ರದರ್ಶನ ನಡೆಯುತ್ತಿದೆ ಎಂಬ ಪೋಸ್ಟರು ಬಸ್ ಸ್ಟಾಪಿನಲ್ಲಿ ನನ್ನ ಕಣ್ಣಿಗೆ ಬಿತ್ತು.

"ಹೋಗೋಣ್ವಾ ಅಪ್ಪ?"

"ಬಿಡಮ್ಮ. ತಾತ ಹೇಳಿದ್ದೋ, ನಾನೇ ಸೇರಿಸ್ಕೊಂಡಿದ್ದೋ, ಈಗ ನಂಗೇ ಗೊತ್ತಾಗ್ತಿಲ್ಲ."

ಅವರು ತಮ್ಮನ್ನೇ ನಂಬದಂತೆ ಮಾಡಿದವಳು ನಾನು. ಹಟ ಹಿಡಿದು ಶನಿವಾರ ಕರೆದುಕೊಂಡು ಹೋದೆ.

ಅಲ್ಲಿ ಒಬ್ಬ ಮನುಷ್ಯನ ಇಡೀ ಬದುಕನ್ನು ಗೋಡೆಗೆ ಹಚ್ಚಿದ್ದರು. ತೊಟ್ಟಿಲಲ್ಲೇ ಬಿರುದು, ಮೀಸೆ ಮೂಡುವ ಮೊದಲೇ ಸೈನ್ಯ, ಆಮೇಲೆ ಹಡಗು ಹತ್ತಿ ಊರೂರಿಗೆ ಹೋಗಿ ಕಲ್ಲು ಇಡುವುದೇ ಕೆಲಸ. ಬರ್ಮಿಂಗ್‌ಹ್ಯಾಮಿನಲ್ಲೂ ಒಂದು ಇಟ್ಟಿದ್ದನಂತೆ. ಅಷ್ಟು ಕಟ್ಟಡಗಳಿಗೆ ಕಲ್ಲಿಟ್ಟವನು ಮದುವೆಯಿಲ್ಲದೆ, ಮಕ್ಕಳಿಲ್ಲದೆ ಯಾರದೋ ಬಂಗಲೆಯಲ್ಲಿ ಸತ್ತ. ನಾನು ಓದಿ ಹೇಳುತ್ತಿದ್ದೆ, ಅಪ್ಪ ನನ್ನ ತೋಳು ಹಿಡಿದು ಕೇಳುತ್ತಿದ್ದರು.

"ಪಾಪ, ಬರೀ ತಿರುಗಾಟ," ಅಂದರು.

ಬೆಂಗಳೂರಿನ ಫೋಟೋ ಕೊನೆಯ ಗೋಡೆಯಲ್ಲಿತ್ತು, ಬಾಗಿಲಷ್ಟು ದೊಡ್ಡದು. ನಿಲುವಂಗಿಯ ತುಂಬ ಪದಕ, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಗಾರೆ ಹಚ್ಚುವ ಬೆಳ್ಳಿಯ ಕರಣೆ. ಕಲ್ಲಿನ ಮೇಲೆ ಕಪ್ಪಗೆ ಕಾಣುವ ಬೊಟ್ಟು. ಕಣ್ಣು ಕೆಳಗಿಳಿಸಿದೆ. ಅರ್ಧ ಪ್ರಪಂಚ ಆಳುತ್ತಿದ್ದ ಮನೆಯ ಆ ಮನುಷ್ಯ ನಮ್ಮೂರಿನ ಮಣ್ಣಿನ ಮೇಲೆ ಬಿಳಿ ಕಾಲುಚೀಲದಲ್ಲಿ ನಿಂತಿದ್ದ. ಪಕ್ಕದಲ್ಲಿ ಒಬ್ಬ ಅಧಿಕಾರಿ ಬೂಟುಗಳನ್ನು ಹಿಡಿದುಕೊಂಡಿದ್ದ. ಹಿಂದೆ ರುಮಾಲು ಕಟ್ಟಿದ ಬರಿಗಾಲಿನವರ ಸಾಲು. ಸಾಹೇಬರಿಗೆಲ್ಲ ಕೆಳಗೆ ಹೆಸರು ಬರೆದಿದ್ದರು, ಆ ಸಾಲಿಗೆ ಮಾತ್ರ 'ಸ್ಥಳೀಯ ಕೆಲಸಗಾರರು' ಎಂದಿತ್ತು. ಅವರಲ್ಲಿ ಯಾರು ನಮ್ಮವರೋ ತಿಳಿಯಲಿಲ್ಲ. ಓದುವುದನ್ನು ಬಿಟ್ಟು ಆ ಕಾಲುಚೀಲಗಳನ್ನೇ ಮತ್ತೆ ಮತ್ತೆ ನೋಡಿದೆ.

"ಏನಮ್ಮ, ಸುಮ್ನಾಗ್ಬಿಟ್ಟೆ?"

"ಬೂಟಿಲ್ಲ ಅಪ್ಪ. ಬಿಚ್ಚಿದ್ದಾನೆ."

ತೋಳಿನ ಮೇಲಿದ್ದ ಅವರ ಹಿಡಿತ ಬಿಗಿಯಾಯಿತು. ಫೋಟೋದ ಕಡೆ ಮುಖ ಎತ್ತಿದರು. ಏನೂ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಅವರನ್ನು ಸಮಾಧಾನ ಮಾಡಲು ನಾನೇ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಂಡರೆ ಎಂದು ಭಯವಾಯಿತು.

"ನಿಜವಾಗ್ಲೂ ಅಪ್ಪ. ಬೇಕಾದ್ರೆ ಇಲ್ಲಿ ಬೇರೆ ಯಾರ ಕೈಲಾದ್ರೂ ಹೇಳಿಸ್ತೀನಿ."

"ಯಾಕಮ್ಮ?" ಅಂದರು ಅಪ್ಪ. "ನೀನು ಹೇಳಿದ್ಯಲ್ಲ."

ಆ ಡ್ಯೂಕನ ಮುಂದೆಯೇ ನಿಂತು ಅತ್ತುಬಿಟ್ಟೆ.