ಹದಿಮೂರರ ಮೇಲೊಂದು ಎಲೆ

ಮೊದಲು ತಪ್ಪೊಪ್ಪಿಗೆ. ಒಬ್ಬ ಮನುಷ್ಯ ಕೈಯಾಡಿಸಿ ‘ಬೇಡ’ ಎಂದದ್ದನ್ನು ನಾನು ನನ್ನ ಮೇಲಧಿಕಾರಿಗೆ ‘ಹೌದು ಎನ್ನುತ್ತಿದ್ದಾರೆ’ ಎಂದು ಭಾಷಾಂತರಿಸಿದೆ. ಆ ಮೇಜಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ, ಅವರಿಗೆ ಮಾತು ಬರುತ್ತಿರಲಿಲ್ಲ. ಸುಳ್ಳು ಹೇಳುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಇದು 2023ರ ಮಾತು. ಆಗ ನಾನು ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೋದಲ್ಲಿ ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಇಸ್ಪೀಟು ಎಲೆ ಹಂಚುವ ಡೀಲರ್ ಆಗಿದ್ದೆ. ಹಗಲು ಪಾಳಿ, ವಯಸ್ಸು ಇಪ್ಪತ್ತಾರು. ಸಮರ್‌ಸೆಟ್‌ನಲ್ಲಿರುವ ನನ್ನ ಅಮ್ಮ ಎಲ್ಲರಿಗೂ ಮಗ ‘ಹಾಸ್ಪಿಟಾಲಿಟಿ’ಯಲ್ಲಿದ್ದಾನೆ ಎಂದು ಹೇಳುತ್ತಿದ್ದಳು. ಅರ್ಧ ಕೇಳಿಸಿಕೊಂಡ ಆಂಟಿಯರು ಹಾಸ್ಪಿಟಲ್ ಎಂದು ತಿಳಿದು ಮೊಣಕಾಲು ನೋವಿಗೆ ನನಗೆ ಫೋನ್ ಮಾಡುತ್ತಿದ್ದರು. ನಾನೂ ಒಬ್ಬ ಆರ್ಥೊಪೆಡಿಕ್ ಡಾಕ್ಟರ ಧ್ವನಿ ತೆಗೆದು ಎರಡು ವ್ಯಾಯಾಮ ಹೇಳಿ ಇಡುತ್ತಿದ್ದೆ. ಮಿಮಿಕ್ರಿ ನನ್ನ ಚಟ. ಕನ್ನಡ ಕೂಟದ ವೇದಿಕೆಯಿಂದ ಹಿಡಿದು ಕ್ಯಾಸಿನೋದ ಬ್ರೇಕ್ ರೂಮಿನವರೆಗೆ ನಾನು ಅಣಕಿಸದೆ ಬಿಟ್ಟವರಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಲ್ಯಾಕ್‌ಜಾಕ್‌ನಲ್ಲಿ ಪಕ್ಕ ಕೂತವರು ಎದುರಾಳಿಗಳಲ್ಲ, ಡೀಲರ್ ಎದುರಾಳಿ. ಆಡುವವರಿಗೆ ಎರಡು ಎಲೆ, ಡೀಲರಿಗೂ ಎರಡು. ಡೀಲರಿನ ಒಂದು ಎಲೆ ಮಾತ್ರ ಎಲ್ಲರಿಗೂ ಕಾಣುತ್ತದೆ. ರಾಜ, ರಾಣಿ, ಗುಲಾಮ ಮೂವರಿಗೂ ಬೆಲೆ ಹತ್ತೇ. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ದಾಟಿದರೆ ‘ಬಸ್ಟ್’, ಅಲ್ಲಿಗೆ ಮುಗಿಯಿತು. ಡೀಲರಿಗೆ ಸ್ವಂತ ಬುದ್ಧಿ ಇಟ್ಟುಕೊಳ್ಳುವ ಹಕ್ಕಿಲ್ಲ. ಹದಿನಾರರವರೆಗೆ ಎಲೆ ತೆಗೆಯಲೇಬೇಕು, ಹದಿನೇಳಾದರೆ ನಿಲ್ಲಬೇಕು. ನಿನಗೆ ಹೇಳಿ ಮಾಡಿಸಿದ ಕೆಲಸ ಎಂದಿದ್ದರು ನಮ್ಮಪ್ಪ.

ಇನ್ನೊಂದು ನಿಯಮ ಮುಖ್ಯ. ಮೇಜಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಸೀಲಿಂಗಿನ ಕ್ಯಾಮೆರಾಗಳಿಗೆ ಕಣ್ಣಿದೆ, ಕಿವಿಯಿಲ್ಲ. ಇನ್ನೊಂದು ಎಲೆ ಬೇಕೆಂದರೆ ಬೆರಳಿನಿಂದ ಮೇಜು ತಟ್ಟಬೇಕು. ಸಾಕೆಂದರೆ ಎಲೆಗಳ ಮೇಲೆ ಅಂಗೈ ಅಡ್ಡ ಆಡಿಸಬೇಕು.

ಗುರುನಾಥ ಅಂಕಲ್ ಮತ್ತು ಸುಮಿತ್ರಾ ಆಂಟಿ ಪ್ರತಿ ಬುಧವಾರ ಮಧ್ಯಾಹ್ನ ಓಲ್ಡ್ ಬ್ರಿಡ್ಜ್ ಎಂಬ ಊರಿನಿಂದ ಬರುತ್ತಿದ್ದರು. ಮೂಲತಃ ಧಾರವಾಡದವರು. ಅಂಕಲ್ ಸೇತುವೆಗಳ ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್. ಸ್ಟ್ರೋಕ್ ಆಗಿ ಬಲಗೈ ಸೋತಿತ್ತು, ಮಾತು ಹೋಗಿತ್ತು. ಉಳಿದದ್ದು ಒಂದೇ ಪದ: ‘ಹೌದ್ರಿ’. ಬುದ್ಧಿ ಮಾತ್ರ ಚಾಕುವಿನಂತಿತ್ತು. ಹಸಿವಾದರೂ ಹೌದ್ರಿ, ಸಿಟ್ಟು ಬಂದರೂ ಹೌದ್ರಿ. ಬೇಡ ಎನ್ನಲು ಹೊರಟರೂ ನಾಲಿಗೆಗೆ ಬರುತ್ತಿದ್ದುದು ಅದೇ.

ಮೊದಲ ದಿನ ನಾನೇ ಅವರಿಗೆ ಆಟ ಕಲಿಸಿದೆ. ಮೇಜಿನಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂಬ ನಿಯಮವಿದ್ದರೂ, ಬೇರೆ ಯಾರೂ ಇರಲಿಲ್ಲವೆಂದು ಮೆಲ್ಲಗೆ ಕನ್ನಡದಲ್ಲೇ ಹೇಳಿದೆ. ಇದು ಮದುವೆ ಮನೆಯ ಪಂಕ್ತಿ ಅಂದುಕೊಳ್ಳಿ ಅಂಕಲ್, ನಾನು ಬಡಿಸುವವನು, ಸಾಕಾದರೆ ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ. ಇಸ್ಪೀಟಿನದೂ ಎಲೆಯೇ, ಊಟದ್ದೂ ಎಲೆಯೇ. ಅವರು ನಕ್ಕರು. ಎಡಗೈ ಅಡ್ಡ ಹಿಡಿದರು. ನಾನು ನಿಂತೆ. ಅವರು ತಮ್ಮ ಕೈಯನ್ನೇ ಬಹಳ ಹೊತ್ತು ನೋಡಿಕೊಂಡರು.

ಆ ನೋಟದ ಅರ್ಥ ಆಮೇಲೆ ಆಂಟಿ ಹೇಳಿದರು. “ಮನ್ಯಾಗ ಎಲ್ಲಾರೂ ಇವರ ಬಾಯಿ ಮಾತು ಹಿಡೀತಾರ ತಮ್ಮಾ. ನಿಮ್ಮ ಕಾರ್ ಮಾರೋಣೇನು ಅಂತ ಮಗಾ ಕೇಳಿದಾ, ಹೌದ್ರಿ ಅಂದ್ರು. ಕಾರ್ ಒಯ್ಯೋ ದಿನಾ ಡ್ರೈವ್‌ವೇದಾಗ ನಿಂತು ಅತ್ತರು. ಬ್ಯಾಡಾಗಿತ್ತು ಅಂತ ಆವಾಗ ತಿಳೀತು. ಬ್ಯಾಡ ಅಂದ್ರ ಬ್ಯಾಡ ಅಂತ ನಡಿಯೋದು ಇದೊಂದ ಜಾಗಾದಾಗ ನೋಡು.”

ಅವರನ್ನು ನನ್ನ ಮೇಜಿನಲ್ಲಿ ಕೂರಿಸಿ ಆಂಟಿ ಸಮುದ್ರದ ದಂಡೆಯ ಬೋರ್ಡ್‌ವಾಕ್‌ನಲ್ಲಿ ಒಂದು ತಾಸು ನಡೆದು ಬರುತ್ತಿದ್ದರು. ಇಡೀ ವಾರದಲ್ಲಿ ಅವರಿಗೆ ಸಿಗುತ್ತಿದ್ದ ಬಿಡುವು ಅಷ್ಟೇ.

ಸುಮಾರು ನಾಲ್ಕು ತಿಂಗಳು ಹೀಗೆ ನಡೆಯಿತು. ಅಂಕಲ್ ಕನಿಷ್ಠ ಪಣ ಮಾತ್ರ ಇಡುತ್ತಿದ್ದರು. ಗೆಲ್ಲುವುದು ಅವರಿಗೆ ಮುಖ್ಯವಾಗಿರಲಿಲ್ಲ. ಪ್ರತಿ ಸಲ ಅಂಗೈ ಆಡಿಸಿದಾಗಲೂ ಬೆನ್ನು ನೆಟ್ಟಗಾಗುತ್ತಿತ್ತು.

ಅಕ್ಟೋಬರಿನ ಆ ಬುಧವಾರ ನಾನು ಬಹಳ ಹುರುಪಿನಲ್ಲಿದ್ದೆ. ಅಂಕಲ್‌ಗೆ ಹತ್ತು ಮತ್ತು ಮೂರು ಬಂದಿದ್ದವು, ಒಟ್ಟು ಹದಿಮೂರು. ನನ್ನ ಎದುರು ಆರು ಕಾಣುತ್ತಿತ್ತು. ಡೀಲರಿಗೆ ಆರು ಕೆಟ್ಟ ಎಲೆ. ಎಲೆ ತೆಗೆಯುತ್ತಾ ಹೋಗಿ ತಾನೇ ಬಸ್ಟ್ ಆಗುವ ಸಂಭವ ಹೆಚ್ಚು. ಹದಿಮೂರು ಇದ್ದವರು ಕೈ ಅಡ್ಡ ಹಿಡಿದು ತಮಾಷೆ ನೋಡಬೇಕು. ಅಂಕಲ್ ಹಾಗೆಯೇ ಹಿಡಿದರು.

ನನಗೆ ಪಂಕ್ತಿಯ ಹುಚ್ಚು ಹತ್ತಿತು. ನಮ್ಮ ಊಟಗಳಲ್ಲಿ ಒಬ್ಬ ಬಡಿಸುವವನಿರುತ್ತಾನಲ್ಲ, ಸಾಕು ಎಂದರೂ ಕೇಳದೆ ಸೊಂಟ ಬಗ್ಗಿಸಿ ನಿಂತವನು, ಅವನ ಧ್ವನಿ ತೆಗೆದೆ. “ಅಯ್ಯೋ, ಸಂಕೋಚ ಮಾಡ್ಬೇಡಿ ರಾಯರೇ, ಒಂದೇ ಒಂದು ಹೋಳಿಗೆ!” ಅಂಕಲ್ ನಗುತ್ತಾ “ಹೌದ್ರಿ, ಹೌದ್ರಿ” ಎಂದರು. ಅಂಗೈ ಇನ್ನೂ ಅಡ್ಡವೇ ಇತ್ತು. ಆದರೆ ನನ್ನ ಕಿವಿಗೆ ಹೌದು ಬಿದ್ದಿತ್ತು. ನನ್ನ ಕೈ ಎಲೆ ಎಳೆದು ಅವರ ಮುಂದೆ ಹಾಕಿಯೂ ಆಯಿತು. ರಾಜ. ಇಪ್ಪತ್ಮೂರು, ಬಸ್ಟ್.

ಅವರ ನಗು ನಿಂತಿತು.

ಡೀಲರ್ ತಪ್ಪು ಮಾಡಿದರೆ ಎಲೆ ಮುಟ್ಟದೆ ಮೇಲ್ವಿಚಾರಕರನ್ನು ಕರೆಯಬೇಕು. ಕರೆದೆ. ಫ್ಲೋರ್ ಸೂಪರ್‌ವೈಸರ್ ಲಿಂಡಾ ಬಂದಳು. ಆ ತಿಂಗಳು ನನ್ನ ಹೆಸರಿಗೆ ಎರಡು ಎಚ್ಚರಿಕೆ ಪತ್ರಗಳಾಗಿದ್ದವು, ಒಂದು ಅವಳನ್ನೇ ಅಣಕಿಸಿದ್ದಕ್ಕೆ. ಮೂರನೆಯದು ಬಂದರೆ ಸಸ್ಪೆನ್ಷನ್. ನೀವು ಎಲೆ ಕೇಳಿದಿರಾ ಎಂದು ಅವಳು ಅಂಕಲ್‌ರನ್ನು ಸಭ್ಯವಾಗಿ ಕೇಳಿದಳು. ಅಂಕಲ್ ಬಾಯಿ ತೆರೆದರು. ಬಂದದ್ದು “ಹೌದ್ರಿ”. ಏನೆನ್ನುತ್ತಿದ್ದಾರೆ ಎಂದು ಲಿಂಡಾ ನನ್ನ ಕಡೆ ತಿರುಗಿದಳು.

“ಹೀ ಸೇಸ್ ಯೆಸ್,” ಎಂದೆ.

ಪದಕ್ಕೆ ಪದ ನೋಡಿದರೆ ಅದು ಸುಳ್ಳೂ ಅಲ್ಲ. ಅಂಕಲ್ ನನ್ನನ್ನು ನೋಡಿದರು. ಆಮೇಲೆ ಎಡಗೈಯನ್ನು ಆಡಿಸತೊಡಗಿದರು, ಒಂದು ಸಲ, ಹತ್ತು ಸಲ, ಜೊತೆಗೆ ಹೌದ್ರಿ ಹೌದ್ರಿ ಹೌದ್ರಿ. ಹೋಗಲಿ ಬಿಡಿ ಎನ್ನುತ್ತಿದ್ದಾರೆಂದು ಲಿಂಡಾ ತಿಳಿದಳು. ನೀವು ಬಹಳ ದೊಡ್ಡ ಮನಸ್ಸಿನವರು ಸರ್ ಎಂದು ಥ್ಯಾಂಕ್ಸ್ ಹೇಳಿ ಹೋದಳು. ಕ್ಯಾಮೆರಾ ನೋಡುವ ಪ್ರಮೇಯವೇ ಬರಲಿಲ್ಲ. ಅಂಕಲ್ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ಆಂಟಿ ಬರುವವರೆಗೆ ಅದನ್ನು ಮತ್ತೆ ಎತ್ತಲಿಲ್ಲ.

ಮುಂದಿನ ಬುಧವಾರ ಅವರು ಬರಲಿಲ್ಲ, ಅದರ ಮುಂದಿನ ಬುಧವಾರವೂ ಇಲ್ಲ. ನನ್ನ ಪಕ್ಕದ ಮೇಜಿನ ಟೆರೆಸಾ ಕೂಡ ನನ್ನ ಬ್ರೇಕ್ ಹೊತ್ತಿನಲ್ಲಿ ಎಷ್ಟೋ ಸಲ ಅವರಿಗೆ ಎಲೆ ಹಾಕಿದ್ದಳು, ಒಮ್ಮೆಯೂ ತಪ್ಪಿರಲಿಲ್ಲ. ಅವಳಿಗೆ ಕನ್ನಡದ ಒಂದಕ್ಷರ ಬಾರದು, ಹಾಗಾಗಿ ಕೈ ಮಾತ್ರ ನೋಡುತ್ತಿದ್ದಳು. ಅವರ ಭಾಷೆ ಬಲ್ಲವನೆಂದು ಮೆರೆದವನು ನಾನು. ಎದುರಿಗಿರುವ ಮನುಷ್ಯನಿಗಿಂತ ನನ್ನ ಕಿವಿ ಹೆಚ್ಚು ಬಲ್ಲದು ಎಂದುಕೊಂಡ ಕ್ಷಣ ಡೀಲರ್ ಕೆಟ್ಟ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದು ತಡವಾಗಿ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ, ಕನ್ನಡ ಕೂಟದ ಡೈರೆಕ್ಟರಿಯಲ್ಲಿ ವಿಳಾಸ ಹುಡುಕಿ ಓಲ್ಡ್ ಬ್ರಿಡ್ಜ್‌ಗೆ ಡ್ರೈವ್ ಮಾಡಿದೆ. ಆಂಟಿ ಸಂತೋಷದಿಂದಲೇ ಬಾಗಿಲು ತೆರೆದು ಚಹಾ ಕೊಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. ಅಂಕಲ್ ಹೇಗೆ ಹೇಳಿಯಾರು? ಪ್ರತಿ ಬುಧವಾರ ಹೋಗೋಣವೇ ಎಂದರೆ ಹೌದ್ರಿ ಎನ್ನುತ್ತಾರಂತೆ. ಆಂಟಿ ತಮ್ಮ ಕಾರು ತೆಗೆದು ಹಾರ್ನ್ ಹೊಡೆದರೂ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ. ಮತ್ತೆ ಸ್ಟ್ರೋಕ್ ಆಯಿತೇನೋ ಎಂದು ಹೆದರಿ ಸ್ಕ್ಯಾನ್ ಕೂಡ ಮಾಡಿಸಿದ್ದರು.

ನಾನು ಎಲ್ಲವನ್ನೂ ಹೇಳಿದೆ. ಮೊದಲ ಸಲ ಯಾರ ಧ್ವನಿಯನ್ನೂ ಎರವಲು ಪಡೆಯದೆ, ನನ್ನದೇ ಧ್ವನಿಯಲ್ಲಿ. ಅದು ಇಷ್ಟು ಸಣ್ಣದಿದೆ ಎಂದು ನನಗೇ ಗೊತ್ತಿರಲಿಲ್ಲ. ಆಂಟಿ ಚಹಾದ ಲೋಟ ಕೆಳಗಿಟ್ಟರು.

ಕಿಟಕಿಯ ಪಕ್ಕ ಕೂತಿದ್ದ ಅಂಕಲ್ ಎದುರು ಮಂಡಿಯೂರಿ ಕೇಳಿದೆ, ಅಂಕಲ್, ನನ್ನನ್ನು ಕ್ಷಮಿಸುತ್ತೀರಾ?

“ಹೌದ್ರಿ,” ಎಂದರು.

ನಾನು ಕೈ ನೋಡಿದೆ. ಅದು ಮೇಜು ತಟ್ಟಲಿಲ್ಲ, ಅಡ್ಡವೂ ಆಡಲಿಲ್ಲ. ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ. ಇದು ಹೌದೋ ಅಲ್ಲವೋ, ನೀವಾದರೂ ಹೇಳಿ ಎಂದು ಆಂಟಿಯನ್ನು ಬೇಡಿಕೊಂಡೆ.

ಆಂಟಿ ನನ್ನ ಅರ್ಧ ಕುಡಿದ ಲೋಟ ಎತ್ತಿಕೊಂಡು ಹೇಳಿದರು: “ನಿನಗ ಹ್ಯಾಂಗ ಬೇಕೋ ಹಾಂಗ ಟ್ರಾನ್ಸ್‌ಲೇಟ್ ಮಾಡ್ಕೋ ತಮ್ಮಾ. ನಿನಗದು ಛಲೋ ಬರ್ತದ.”