ತೌಡಿಗೆ ಮಾರಿದ ಮಗಳು

ಚೆಲ್ಲಮ್ಮಾಳ್ ನನ್ನ ಅಜ್ಜಿಯ ಅಕ್ಕ. ತಮಿಳು ಸೀಮೆಯ ಕಂಬಂ ಕಣಿವೆಯ ನಮ್ಮ ಕನ್ನಡದ ಒಕ್ಕಲು ಮನೆಗಳಲ್ಲಿ ಅವಳಷ್ಟು ಕಡಿಮೆ ಮಾತಿನ ಹೆಂಗಸು ಇನ್ನೊಬ್ಬಳಿರಲಿಲ್ಲವಂತೆ. ಹುಟ್ಟಾ ಹಾಗಿದ್ದವಳಲ್ಲ. ಎರಡು ಕೂಸುಗಳು ತೊಟ್ಟಿಲಲ್ಲೇ ತೀರಿಹೋದ ಮೇಲೆ ಹಾಗಾದಳು.

ಸಾವಿರದ ಎಂಟುನೂರ ತೊಂಬತ್ತಾರರಲ್ಲಿ ಮೂರನೆಯದು ಹುಟ್ಟಿತು, ಹೆಣ್ಣು. ಕೂಸು ಉಳಿಯದ ಮನೆಗಳಲ್ಲಿ ಸಾವಿನ ಕಣ್ಣು ತಪ್ಪಿಸಲು ನಡೆಯುವುದೇ ನಡೆಯಿತು. ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ಎದುರು ಮನೆಯ ತಂಗಮ್ಮಾಳ್ ಒಂದಿಷ್ಟು ತೌಡು ಕೊಟ್ಟು ಅದನ್ನು ಕೊಂಡುಕೊಂಡಳು. ಅವಳ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗಿದ್ದರು. ತೌಡಿನ ಕೂಸಿಗೆ ತವಿಟ್ಟಮ್ಮಾಳ್ ಎಂದು ಹೆಸರಾಯಿತು. ಹಾಲು ಕುಡಿಸುವವಳು ಚೆಲ್ಲಮ್ಮಾಳೇ. ಆದರೆ ಕುಲದೇವರ ಮುಂದೆ ಮಗುವಿನ ಮುಡಿ ಕೊಡುವವರೆಗೆ ತನ್ನ ಮಗಳೆಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಸಾವಿಗೆ ಗುರುತು ಸಿಕ್ಕಿಬಿಡುತ್ತದೆ ಎಂಬ ಭಯ.

ಹುಟ್ಟುಸಾವು ಬರೆಯುವುದು ಊರ ಮುನಸೀಫ ಪೆರಿಯಣ್ಣನ್ ಕೆಲಸ. ಅವನೂ ನಮ್ಮವನೇ, ಪದ್ಧತಿ ಬಲ್ಲವನು. ಮಗುವನ್ನು ತಂಗಮ್ಮಾಳ್ ಹೆಸರಿಗೇ ಬರೆದ. ಎರಡು ತಿಂಗಳ ಹಿಂದೆ ಅವಳಿಗೆ ಗಂಡುಮಗುವಾದದ್ದನ್ನು ತಾನೇ ಬರೆದಿದ್ದು ಆ ಪುಣ್ಯಾತ್ಮನಿಗೆ ನೆನಪಾಗಲಿಲ್ಲ.

ಲೆಕ್ಕ ಸರಿಯಿದೆಯೇ ಎಂದು ನೋಡಲು ಪೆರಿಯಕುಳಂ ಕಡೆಯಿಂದ ಅಧಿಕಾರಿಯೊಬ್ಬ ಬಂದ. ಚಾವಡಿಯಲ್ಲಿ ಕುಳಿತು ಪುಟ ತಿರುವಿದ. ಹೆಂಗಸು ಎರಡು ತಿಂಗಳಿಗೊಮ್ಮೆ ಹೆರುತ್ತಾಳೆಯೇ ಎಂದು ನಕ್ಕ, ಮುನಸೀಫನಿಗೆ ಎಲ್ಲರೆದುರು ಛೀಮಾರಿ ಹಾಕಿದ, ಹೆಣ್ಣುಮಗುವಿನ ಸಾಲಿಗೆ ಗೀಟು ಎಳೆದ. ಅವನ ಲೆಕ್ಕವೇನೋ ಸರಿಯೇ. ಎದ್ದು ಬೀದಿಗೆ ಬಂದಿದ್ದರೆ ಮಗುವೇ ಕಾಣುತ್ತಿತ್ತು, ಮಹಾರಾಯ ಏಳಲಿಲ್ಲ. ಪೆರಿಯಣ್ಣನ್ ತನ್ನ ಮರ್ಯಾದೆಗೆ ಅಂಜಿ ನಿಜ ಬಿಚ್ಚಲಿಲ್ಲ.

ಮುಂದಿನ ಮಾಸಿ ತಿಂಗಳಲ್ಲಿ ಸಿಡುಬು ತಡೆಯಲು ದೇವಿ ಹಾಕುವವನು ಬಂದ. ಸಿಡುಬು ಬತ್ತಲಗುಂಡು ದಾಟಿದೆ ಎಂದು ಸಂತೆಗೆ ಹೋದವರು ಆಗಲೇ ಹೇಳುತ್ತಿದ್ದರು. ಮುನಸೀಫ ಕೊಟ್ಟ ಪಟ್ಟಿ ಹಿಡಿದು ಅವನು ಮಕ್ಕಳನ್ನು ಕರೆದ. ತಂಗಮ್ಮಾಳ್ ತನ್ನ ಮಗನಿಗೆ ಹಾಕಿಸಿ, ತವಿಟ್ಟಮ್ಮಾಳನ್ನೂ ಮುಂದೆ ತಂದಳು. ಇದು ಗೀಟು ಬಿದ್ದ ಹೆಸರು, ಹೆತ್ತವಳು ಬಂದು ಹೇಳಲಿ, ಬರೆದುಕೊಂಡು ಈಗಲೇ ಹಾಕುತ್ತೇನೆ ಎಂದ ಅವನು. ಕೆಟ್ಟವನೇನಲ್ಲ.

ಚೆಲ್ಲಮ್ಮಾಳ್ ಅಲ್ಲೇ ಬೇವಿನ ಮರದ ಕೆಳಗಿದ್ದಳು. ಅವಳ ಬದಲು ಬೇರೆಯವರು ಹೇಳುವುದೂ ತಪ್ಪು. ಊರಿಗೆ ಊರೇ ನೆಲ ನೋಡುತ್ತಿತ್ತು. ಹೇಳಿದರೆ ಸಾವಿನ ಕಿವಿಗೆ ಬೀಳುತ್ತದೆ, ಹೇಳದಿದ್ದರೆ ಸಿಡುಬು. ಮುಡಿ ಕೊಡಲು ಇನ್ನೊಂದೇ ತಿಂಗಳಿತ್ತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ದೇವಿ ಹಾಕುವವನು ಪಟ್ಟಿ ಮಡಿಚಿಕೊಂಡು ಹೋದ. ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ.

ಮುಡಿಯ ದಿನ ಬರುವ ಮೊದಲೇ ಊರಿಗೆ ಸಿಡುಬು ಬಂತು. ತಂಗಮ್ಮಾಳ್ ಮಗನಿಗೆ ಏನೂ ಆಗಲಿಲ್ಲ. ತವಿಟ್ಟಮ್ಮಾಳ್ ಬೇವಿನೆಲೆಯ ಮೇಲೆ ನರಳಿ ನರಳಿ ತೀರಿಕೊಂಡಿತು.

ಹೂಳಿ ಬಂದ ಮೇಲೆ ಪೆರಿಯಣ್ಣನ್ ತಾನೇ ಚೆಲ್ಲಮ್ಮಾಳ್ ಮನೆ ಬಾಗಿಲಿಗೆ ಬಂದು, ಯಾರ ಮಗುವೆಂದು ಬರೆಯಲಿ ಎಂದು ಗಂಡಸರನ್ನು ಕೇಳಿದ. ಒಳಗಿನಿಂದ ಚೆಲ್ಲಮ್ಮಾಳ್ ಎದ್ದು ಬಂದಳು.

“ನನ್ ಮಗ್ಳು, ಮಾಮಾ. ಪೆತ್ತವ್ಳು ನಾನು. ಅಂಗೇ ಬರ್ಕಳಿ.”

ಪುಸ್ತಕದಲ್ಲಿ ಹುಟ್ಟೇ ಇಲ್ಲದ ಕೂಸಿಗೆ ಸಾವು ಬರೆದರೆ ಮತ್ತೆ ಛೀಮಾರಿ ತಪ್ಪದು ಎಂದು ಪೆರಿಯಣ್ಣನ್ ಪುಸ್ತಕ ಮುಚ್ಚಿಕೊಂಡು ಹೋದ. ಚೆಲ್ಲಮ್ಮಾಳ್‌ಗೆ ಆಮೇಲೆ ಮಕ್ಕಳಾಗಲಿಲ್ಲ. ಮರುವರ್ಷ ಅದೇ ಅಧಿಕಾರಿ ಬಂದು, ಈ ಊರಿನ ಹುಟ್ಟುಸಾವಿನ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲವೆಂದು ಮೆಚ್ಚಿ ರುಜು ಹಾಕಿದ.