ಐದು ಸರ್ವರ್, ಒಂದು ಬುಟ್ಟಿ

ಹ್ವಾಯ್, ಇವತ್ತಿನ ನನ್ನ ಸಾಹಸ ಕೇಳಿ. ಬೀಜಾಡಿಯಲ್ಲಿ ಮೀನು ಮಾರುವ ಅಮ್ಮನಿಗೆ ನಾನೊಂದು ಆರ್ಡರ್ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ತಾಜಾ ಬಂಗುಡೆ ಫೋಟೋ ಹಾಕಿದರೆ ಸಾಕು, ಬ್ರಹ್ಮಾವರದ ತನಕದ ಜನ ಒಟ್ಟಿಗೇ ನುಗ್ಗಿ ಸೈಟ್ ಮಲಗಿಬಿಡುತ್ತಿತ್ತು. ಅದಕ್ಕೇ ಜನ ಹೆಚ್ಚಾದರೆ ಸೈಟ್ ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್ ಕೂಡ ತಾನಾಗಿಯೇ ಹೆಚ್ಚುವ ಹಾಗೆ ಮಾಡಿದೆ. ಬೆಳಿಗ್ಗೆ ಒಂದಿದ್ದದ್ದು ಐದಾಯಿತು. ಒಬ್ಬರೂ ಕಾಯಬೇಕಾಗಲಿಲ್ಲ, ಬಂದವರೆಲ್ಲರ ಆರ್ಡರೂ ದಾಖಲಾಯಿತು. ನಾನು ಅಂಗಳದಲ್ಲೇ ಕುಣಿದೆ.

ಅಮ್ಮ ಖಾಲಿ ಬುಟ್ಟಿ ತಂದು ಎದುರಿಗಿಟ್ಟಳು. "ಮಗಾ, ನಿನ್ ಸರ್ವರ್ ಐದಾಯ್ತ್. ನನ್ ಬುಟ್ಟಿ ಒಂದೇ ಅಲ್ದಾ? ಉಳ್ದವ್ರಿಗೆ ಎಂತ ಕೊಡುದ್?"

ನಗು ತಡೆಯಲಾಗದೆ ಇಬ್ಬರೂ ಮೀನು ಸಿಗದವರಿಗೆಲ್ಲ ಫೋನ್ ಮಾಡಿ ತಪ್ಪಾಯ್ತು ಅಂದೆವು. ಮಧ್ಯಾಹ್ನ ನಮಗೂ ಮೀನಿಲ್ಲ, ಬಸಳೆ ಸಾರೇ. ಸೈಟ್ ಮಾತ್ರ ಈಗಲೂ ಗಟ್ಟಿಯಾಗಿ ನಿಂತಿದೆ, ಎಷ್ಟು ಜನ ಬೇಕಾದರೂ ಬನ್ನಿ. ಮೀನು ಮಾತ್ರ ಕೇಳಬೇಡಿ.